ಹಿತ್ತಲ ಕೋಳಿಯ ಶುಶ್ರೂಷೆ

ಕಲ್ಯಾಣದ ಚಾಲುಕ್ಯ ರಾಜಕುಲದಲ್ಲಿ ಜನಿಸಿದ ಕೀರ್ತಿವರ್ಮನು 12ನೆಯ ಶತಮಾನದ ಆದಿಭಾಗದಲ್ಲಿ ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಅವನ ಸೋದರನಾದ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು, ಹೆಚ್ಚು ಕಾಲ ಕಳೆಯುವ ಮೊದಲೇ, ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ಬರೆಯಿಸಿ, ಅದರಲ್ಲಿ ಅರಸನ ವಿನೋದಗಳನ್ನು ವರ್ಣಿಸುವ ಭಾಗದಲ್ಲಿ ಮಲ್ಲರ ಕಾಳಗ, ಟಗರಿನ ಕಾಳಗಗಳೊಡನೆ ಹುಂಜದ ಕಾಳಗಕ್ಕೂ ಸ್ಥಾನವನ್ನು ಕೊಟ್ಟನು. ಆನೆಗೆ ಪಾಲಕಾಪ್ಯನ ಶಾಸ್ತ್ರವುಂಟು, ಕುದುರೆಗೆ ಶಾಲಿಹೋತ್ರನದುಂಟು. ಕುದುರೆಯ ವೈದ್ಯವನ್ನು ಅಭಿನವಚಂದ್ರನು ಕನ್ನಡದಲ್ಲಿಯೂ ಹೇಳಿದನು. ಆದರೆ ಹಿತ್ತಲಿನ ತಿಪ್ಪೆಯನ್ನು ಕೆದಕಿ ತನ್ನ ಆಹಾರವನ್ನು ತಾನೇ ಸಂಪಾದಿಸಿಕೊಂಡು, ವರ್ಷಕ್ಕೆ ಮೂರು ನಾಲ್ಕು ಸಲ ಹತ್ತು ಹದಿನೈದು ಮೊಟ್ಟೆಗಳನ್ನಿಟ್ಟು, ಇಪ್ಪತ್ತೊಂದು ದಿನ ಕಾವು ಕೂತು ಮರಿಯೆಬ್ಬಿಸುವ ಹೇಂಟೆಯ ಮೈಗೆ ಜಾಡ್ಯ ಬಂದರೆ ಮಾಡಬೇಕಾದದ್ದೇನೆಂಬುದನ್ನು ಹೇಳುವ, ಈ ಗ್ರಂಥಗಳ ಸಾಲಿನಲ್ಲಿ ನಿಲ್ಲತಕ್ಕ ಪ್ರಸಿದ್ಧ ಕೃತಿಯೊಂದು ನಮ್ಮಲ್ಲಿ ಹುಟ್ಟಲಿಲ್ಲ. ಕಾಳಗದ ಹುಂಜವು ಅರಮನೆಯ ಅಂಗಳವನ್ನು ಹೊಕ್ಕು ಶ್ಲೋಕವಾಯಿತು. ಮೊಟ್ಟೆಯಿಡುವ ಹೇಂಟೆಯು ಅಡುಗೆಮನೆಯ ಹಿಂಬಾಗಿಲಿನಲ್ಲಿಯೇ ಉಳಿಯಿತು.

ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಎತ್ತು ಹೊಲದ ಆಸ್ತಿ, ಕುದುರೆ ದಂಡಿನ ಆಸ್ತಿ. ಅವುಗಳ ಯಜಮಾನನು ಗಂಡಸು, ಅವುಗಳ ವೈದ್ಯನೂ ಗಂಡಸು. ಕೋಳಿಯಾದರೋ ಹೆಂಗಸಿನ ಆಸ್ತಿ. ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಮೊಟ್ಟೆ ಮಾರಿದ ಕಾಸು, ಸಂತೆಯಲ್ಲಿ ಹುಂಜವನ್ನು ಕೊಟ್ಟು ತಂದ ಕಾಸು, ಗಂಡನ ಲೆಕ್ಕಕ್ಕೆ ಸೇರದೆ ಹೆಂಡತಿಯ ಎಲೆಯಡಿಕೆಯ ಚೀಲಕ್ಕೆ ಸೇರುತ್ತಿತ್ತು. ಉಪ್ಪು, ಬಳೆ, ಮಕ್ಕಳ ಪುಸ್ತಕ, ತವರಿಗೆ ಹೋಗುವ ದಾರಿಯ ಖರ್ಚು ಅದರಿಂದಲೇ ನಡೆಯುತ್ತಿದ್ದವು. ಕೊಳ್ಳುವ ಶಕ್ತಿಯಿಲ್ಲದ ಬಡವಿಯು ನೆರೆಮನೆಯಿಂದ ಒಂದು ಹೇಂಟೆಯನ್ನು ಪಾಲಿಗೆ ತಂದು ಸಾಕಿ, ಎದ್ದ ಮರಿಗಳಲ್ಲಿ ಅರ್ಧವನ್ನು ಒಡತಿಗೆ ಒಪ್ಪಿಸಿ ಉಳಿದರ್ಧದಿಂದ ತನ್ನ ಗೂಡನ್ನು ತುಂಬಿಸಿಕೊಳ್ಳುತ್ತಿದ್ದಳು. ಇಂತಹ ಆಸ್ತಿಗೆ ಕುತ್ತು ಬಂದಾಗ ಅದರ ವೈದ್ಯಳೂ ಅವಳೇ ಆದಳು. ಅವಳ ವಿದ್ಯೆ ಕೈಯಿಂದ ಕೈಗೆ ಹೋಯಿತೇ ಹೊರತು ಓಲೆಗೆ ಏರಲಿಲ್ಲ. ಏರಲಿಲ್ಲವೆಂಬ ಮಾತ್ರಕ್ಕೆ ಅದು ವಿದ್ಯೆಯಲ್ಲವೆನ್ನುವುದು ನ್ಯಾಯವಲ್ಲ.

ಆ ವಿದ್ಯೆಯ ಮೊದಲ ಪಾಠ ನೋಡುವುದು. ಬೇಟೆಗೆ ಗುರಿಯಾಗುವ ಪ್ರಾಣಿಗಳೆಲ್ಲದರಂತೆ ಕೋಳಿಯೂ ತನ್ನ ನೋವನ್ನು ಆದಷ್ಟು ಕಾಲ ಮರೆಸಿಕೊಂಡಿರುತ್ತದೆ. ಹೊರಗೆ ಕಾಣುವ ಹೊತ್ತಿಗೆ ರೋಗವು ಅರ್ಧ ದಾರಿಯನ್ನು ನಡೆದಿರುತ್ತದೆ. ಆದುದರಿಂದ ಮುಂಜಾನೆ ಗೂಡಿನ ಬಾಗಿಲನ್ನು ತೆಗೆದು ನುಚ್ಚನ್ನೆರಚುವ ಗಳಿಗೆಯೇ ಪರೀಕ್ಷೆಯ ಗಳಿಗೆ: ಯಾವುದು ಮುಂದೆ ಓಡಿ ಬಂತು, ಯಾವುದು ಹಿಂದೆ ಉಳಿಯಿತು, ಯಾವುದರ ಗರಿ ಕೆದರಿದೆ, ಯಾವುದರ ಜುಟ್ಟು ಕಪ್ಪಾಗಿದೆ, ಹಿಕ್ಕೆ ಗಟ್ಟಿಯೋ ನೀರೋ, ಹಸುರೋ ಬಿಳುಪೋ. “ಅಕ್ಕಾ, ನಿಮ್ಮ ಕರೀ ಹ್ಯಾಟೆ ಬೆಳಗ್ಗಿಂದ ತೂಕಡಿಸ್ತಾ ಐತೆ, ಕಾಳು ಮುಟ್ಟಿಲ್ಲ, ನೋಡ್ಕಳಿ” ಎಂದು ಬೇಲಿಯಾಚೆಯಿಂದ ನೆರೆಯವಳು ಕೂಗಿದರೆ, ಆ ಒಂದು ವಾಕ್ಯದಲ್ಲಿ ರೋಗಲಕ್ಷಣದ ವರದಿಯೆಲ್ಲವೂ ಅಡಗಿರುತ್ತಿತ್ತು.

ಎರಡನೆಯ ಪಾಠ ಬೇರ್ಪಡಿಸುವುದು. ಮುಂಗುಸಿ ಕಚ್ಚಿದ ಹೇಂಟೆಯೊಂದನ್ನು ಹಳ್ಳಿಯ ಹಿರಿಯಳೊಬ್ಬಳು ಉಪಚರಿಸುವ ಕ್ರಮವನ್ನು ನೋಡಿದವರಿಗೆ ಅದರ ಅಚ್ಚುಕಟ್ಟು ಮರೆಯುವಂತಹುದಲ್ಲ. ಮೊದಲು ಕೋಳಿಯ ಎರಡು ರೆಕ್ಕೆಗಳನ್ನೂ ಮೈಗೆ ಒತ್ತಿ ಹಿಡಿದು, ಸೆರಗಿನ ಅಂಚನ್ನು ಅದರ ಕಣ್ಣಿನ ಮೇಲೆಳೆದು ಕತ್ತಲು ಮಾಡುವಳು. ಕತ್ತಲಾದೊಡನೆ ಅದರ ಒದ್ದಾಟ ನಿಲ್ಲುವುದು. ಬಳಿಕ ಗಾಯದ ಸುತ್ತ ರಕ್ತಕ್ಕೆ ಅಂಟಿದ ಗರಿಗಳನ್ನು ಒಂದೊಂದಾಗಿ ಬಿಡಿಸಿ, ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು, ಅರಿಸಿನವನ್ನು ಎಣ್ಣೆಯಲ್ಲಿ ಕಲಸಿ ಹಚ್ಚುವಳು. ಬಯಲುಸೀಮೆಯಲ್ಲಿ ಅದು ಹರಳೆಣ್ಣೆ, ಕರಾವಳಿಯಲ್ಲಿ ಕೊಬ್ಬರಿಯೆಣ್ಣೆ. ಅನಂತರ ಒಲೆಯ ಬಿಸಿ ತಟ್ಟುವ ಮೂಲೆಯಲ್ಲಿ ಗೋಣಿಯ ತುಂಡನ್ನು ಹಾಸಿ, ಅದರ ಮೇಲೆ ಕೂರಿಸಿ, ಮಂಕರಿಯನ್ನು ಮುಚ್ಚಿ, ಮಂಕರಿಯ ಮೇಲೊಂದು ಕಲ್ಲನ್ನಿಡುವಳು. ಸಂಜೆ ರಾಗಿಯ ಅಂಬಲಿಯನ್ನು ನೀರಾಗಿಸಿ, ಕೊಕ್ಕಿನ ಪಕ್ಕದಿಂದ ಒಂದೊಂದೇ ತೊಟ್ಟು ಬಿಟ್ಟು, ನುಂಗಿತೆಂದು ಕಂಡ ಮೇಲೆ ಇನ್ನೊಂದು ತೊಟ್ಟು ಬಿಡುವಳು. ನೇರವಾಗಿ ಗಂಟಲಿಗೆ ಸುರಿದರೆ ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟುವುದೆಂಬುದನ್ನು ಅವಳು ಯಾವ ಅಂಗರಚನೆಯ ಚಿತ್ರವನ್ನೂ ನೋಡದೆ ಬಲ್ಲಳು.

ಈ ಕ್ರಮದ ಮುಖ್ಯ ಅಂಗಗಳಿಗೆ ಇಂದಿನ ಪಶುವೈದ್ಯವು ಸಮರ್ಥನೆಯನ್ನು ಕೊಡುತ್ತದೆ. ಕೋಳಿಯ ಸಹಜವಾದ ಮೈಬಿಸಿಯು ಮನುಷ್ಯನದಕ್ಕಿಂತ ಹೆಚ್ಚಿನದು, 41 ಡಿಗ್ರಿ ಸೆಲ್ಸಿಯಸ್ಸಿಗೆ ಮೇಲ್ಪಟ್ಟದ್ದು. ಆಹಾರ ಬಿಟ್ಟ ಹಕ್ಕಿಗೆ ಈ ಶಾಖವನ್ನು ಕಾಪಾಡಿಕೊಳ್ಳುವುದೇ ಪ್ರಯಾಸವಾಗುವುದರಿಂದ ಅದು ಗರಿ ಕೆದರಿ ಮುದುರಿಕೊಳ್ಳುತ್ತದೆ. ಒಲೆಯ ಮೂಲೆ ಆ ಪ್ರಯಾಸವನ್ನು ಕಡಿಮೆ ಮಾಡಿತು. ರಕ್ತವನ್ನು ಕಂಡ ಕೋಳಿಗಳು ತಮ್ಮ ಜೊತೆಯದನ್ನೇ ಕುಕ್ಕಿ ಕೊಲ್ಲುವುದುಂಟು; ಮಂಕರಿ ಅದನ್ನು ತಡೆಯಿತು. ರೋಗವಾಗಿದ್ದಲ್ಲಿ ಅದೇ ಮಂಕರಿಯು ಅಂಟನ್ನೂ ಕೆಲಮಟ್ಟಿಗೆ ತಡೆಯಿತು. ಮುರಿದ ಕಾಲಿಗೆ ಬಿದಿರಿನ ಸೀಳುಗಳನ್ನಿಟ್ಟು ಬಟ್ಟೆ ಸುತ್ತುವುದು, ಧಾನ್ಯ ಕಟ್ಟಿ ಗಟ್ಟಿಯಾದ ಗಂಟಲಚೀಲಕ್ಕೆ ಎಣ್ಣೆ ಕುಡಿಸಿ ಬೆರಳಿನಿಂದ ಮೆಲ್ಲಗೆ ನೀವುವುದು, ಹೇನು ಉಣ್ಣೆಗಳ ಬಾಧೆಗೆ ಗೂಡಿನಲ್ಲಿ ಬೇವಿನ ಸೊಪ್ಪು, ಲಕ್ಕಿಸೊಪ್ಪುಗಳನ್ನು ಹಾಸಿ ಹೊರಳುವ ಮಣ್ಣಿಗೆ ಒಲೆಯ ಬೂದಿಯನ್ನು ಬೆರೆಸುವುದು ಇವೆಲ್ಲ ಇದೇ ಪರಂಪರೆಗೆ ಸೇರಿದವು. ನನ್ನ ಅಭಿಪ್ರಾಯದಲ್ಲಿ ಈ ಮನೆವೈದ್ಯದ ಸತ್ತ್ವವಿರುವುದು ಅರಿಸಿನದಲ್ಲಿ ಎಷ್ಟೋ, ಅದಕ್ಕಿಂತ ಹೆಚ್ಚಾಗಿ ಬಿಸಿ, ಕತ್ತಲು, ಏಕಾಂತ, ತೊಟ್ಟು ನೀರು ಎಂಬ ಈ ನಾಲ್ಕರಲ್ಲಿ.

ಬರೆದಿಟ್ಟ ಕೋಳಿವೈದ್ಯವನ್ನು ಕಾಣಬೇಕಾದರೆ ನಾವು ಪ್ರಾಚೀನ ರೋಮಿಗೆ ಹೋಗಬೇಕು. ಕ್ರಿಸ್ತಶಕ ಒಂದನೆಯ ಶತಮಾನದ ಕೊಲುಮೆಲ್ಲನು ತನ್ನ ಕೃಷಿಗ್ರಂಥದ ಎಂಟನೆಯ ಭಾಗವನ್ನು ಸಾಕುಹಕ್ಕಿಗಳಿಗೂ ಮೀನುಗಳಿಗೂ ಮೀಸಲಿಟ್ಟು, ಅದರಲ್ಲಿ ಕೋಳಿಯ ನಾಲಗೆಯ ತುದಿಗೆ ಬೆಳ್ಳನೆಯ ತೆಳುಪೊರೆ ಕಟ್ಟುವ ವ್ಯಾಧಿಯನ್ನು ವರ್ಣಿಸಿ, ಆ ಪೊರೆಯನ್ನು ಉಗುರಿನಿಂದ ಕಿತ್ತು, ಗಾಯಕ್ಕೆ ಬೂದಿಯನ್ನೂ ಜಜ್ಜಿದ ಬೆಳ್ಳುಳ್ಳಿಯನ್ನೂ ಹಚ್ಚಬೇಕೆಂದು ವಿಧಿಸಿದನು. ಯೂರೋಪಿನ ರೈತರ ಮನೆಗಳಲ್ಲಿ ಈ ವಿಧಿಯು ಸಾವಿರಕ್ಕೂ ಹೆಚ್ಚು ವರ್ಷ ಬಾಳಿತು. ಕಡೆಗೆ ತಿಳಿದುಬಂದದ್ದೇನೆಂದರೆ, ಮೂಗು ಕಟ್ಟಿದ ಕೋಳಿಯು ಬಾಯಿಂದ ಉಸಿರಾಡುವುದರಿಂದ ನಾಲಗೆಯ ತುದಿ ಒಣಗಿ ಗಟ್ಟಿಯಾಗುತ್ತದೆ. ಪೊರೆಯು ರೋಗದ ಫಲವಲ್ಲದೆ ರೋಗವಲ್ಲ. ಅದನ್ನು ಕೀಳುವುದರಿಂದ ರೋಗ ಉಳಿದು ಗಾಯವೊಂದು ಹೆಚ್ಚುತ್ತಿತ್ತು. ಎಷ್ಟು ತಲೆಮಾರುಗಳ ಮೂಕ ಪಕ್ಷಿಗಳು, ಒಬ್ಬ ಸಾಧುಪುರುಷನು ಒಳ್ಳೆಯ ಮನಸ್ಸಿನಿಂದ ಬರೆದ ಮಾತಿಗಾಗಿ, ಈ ನೋವನ್ನು ಅನುಭವಿಸಿದವೆಂಬುದನ್ನು ನೆನೆದರೆ ಮನಸ್ಸು ಕುಗ್ಗುತ್ತದೆ.

19ನೆಯ ಶತಮಾನದ ಉತ್ತರಾರ್ಧದಲ್ಲಿ ರೋಗಿಷ್ಠ ಕೋಳಿಯು ಹಿತ್ತಲಿನಿಂದ ಪ್ರಯೋಗಶಾಲೆಗೆ ನಡೆದು ಬಂದು ಮನುಷ್ಯನ ವೈದ್ಯದ ಗತಿಯನ್ನೇ ತಿರುಗಿಸಿತು. ಫ್ರಾನ್ಸಿನ ತುಲೂಸಿನಲ್ಲಿದ್ದ ಪಶುವೈದ್ಯ ಅಧ್ಯಾಪಕ ಆಂರಿ ತುಸೆಂಟನಿಂದ ಕೋಳಿಯ ಕಾಲರಾ ರೋಗಾಣುವನ್ನು ಪಡೆದ ಲೂಯಿ ಪಾಸ್ಚರನು, ಅದನ್ನು ಕೋಳಿಯ ಸಾರಿನಲ್ಲಿಯೇ ಬೆಳೆಸಿ ಪ್ರಯೋಗ ನಡೆಸುತ್ತಿರಲು, ಬಹುದಿನ ಇಟ್ಟ ಹಳೆಯ ಸಾರನ್ನು ಚುಚ್ಚಿದ ಕೋಳಿಗಳು ಸ್ವಲ್ಪ ಸೊರಗಿ ಚೇತರಿಸಿಕೊಂಡುವೆಂದೂ, ಚೇತರಿಸಿಕೊಂಡವು ಮುಂದೆ ಹೊಸ ಸಾರಿನ ಉಗ್ರ ರೋಗಾಣುವಿಗೂ ಜಗ್ಗಲಿಲ್ಲವೆಂದೂ ಕಂಡುಬಂತು. ಬೇಸಗೆಯ ರಜೆಯಲ್ಲಿ ಮರೆತುಹೋದ ಬಟ್ಟಲಿನಿಂದ ಇದೆಲ್ಲವೂ ಆಕಸ್ಮಿಕವಾಗಿ ನಡೆಯಿತೆಂದು ಹೇಳುವ ಕಥೆ ಜನಪ್ರಿಯವಾಗಿದೆಯಾದರೂ, ಪಾಸ್ಚರನ ಟಿಪ್ಪಣಿಪುಸ್ತಕಗಳನ್ನು ಪರಿಶೀಲಿಸಿದ ಚರಿತ್ರಕಾರರು, ಅವನ ಸಹಾಯಕನಾದ ಎಮಿಲ್ ರೂನ ತಾಳ್ಮೆಯ ಕೆಲಸಕ್ಕೆ ಅದರಲ್ಲಿ ದೊಡ್ಡ ಪಾಲುಂಟೆಂದು ತೋರಿಸಿದ್ದಾರೆ. ತಾಳ್ಮೆಗೆ ಸಲ್ಲಬೇಕಾದ ಕೀರ್ತಿಯನ್ನು ಅದೃಷ್ಟಕ್ಕೆ ಕೊಡದಿರುವುದೇ ಲೇಸು. 1880ರಲ್ಲಿ ಪಾಸ್ಚರನು ಈ ಶೋಧವನ್ನು ಪ್ರಕಟಿಸಿದನು. ಮರುವರ್ಷ ಕುರಿಗಳ ನೆರಡಿರೋಗಕ್ಕೆ, 1885ರಲ್ಲಿ ಹುಚ್ಚುನಾಯಿ ಕಡಿದ ಬಾಲಕನಿಗೆ ಅದೇ ತತ್ತ್ವದ ಮೇಲೆ ಲಸಿಕೆ ಹಾಕಿದನು. ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಸ್ಥಾಪಿತವಾದ ಪಾಸ್ಚರ್ ಸಂಸ್ಥೆಯು ದಕ್ಷಿಣ ದೇಶದಲ್ಲಿ ಉಳಿಸಿದ ಜೀವಗಳ ಹಿಂದೆ ಫ್ರಾನ್ಸಿನ ಆ ಕೋಳಿಗಳಿವೆ.

ಇನ್ನೊಂದು ಸಂದರ್ಭ ಜಾವಾ ದ್ವೀಪದ್ದು, ಅದು ಹಿತ್ತಲ ಕೋಳಿಯ ಕಥೆಗೆ ಇನ್ನೂ ಹತ್ತಿರದ್ದು. ಬಟಾವಿಯಾದ ಸೈನಿಕ ಆಸ್ಪತ್ರೆಯಲ್ಲಿ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಬೆರಿಬೆರಿ ರೋಗದ ಅಣುಜೀವಿಯನ್ನು ಅರಸುತ್ತ ಕೋಳಿಗಳನ್ನಿಟ್ಟುಕೊಂಡಿದ್ದನು. 1889ರಲ್ಲಿ ಆ ಕೋಳಿಗಳು, ಸೂಜಿ ತಾಕಿದವೂ ತಾಕದವೂ ಒಂದೇ ಸಮನಾಗಿ, ಕಾಲಿನ ಬಲವಿಲ್ಲದೆ ತತ್ತರಿಸತೊಡಗಿದವು. ಕೆಲವು ತಿಂಗಳು ಕಳೆದು, ಯಾವ ಔಷಧವೂ ಇಲ್ಲದೆ, ಹಾಗೆಯೇ ಗುಣವಾದವು. ವಿಚಾರಿಸಲಾಗಿ, ಆ ಅವಧಿಯಲ್ಲಿ ಕೋಳಿಗಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ, ಚೆನ್ನಾಗಿ ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನು ಹಾಕುತ್ತಿದ್ದರೆಂದೂ, ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನವನ್ನು ಸೈನಿಕರಲ್ಲದ ಕೋಳಿಗಳಿಗೆ ಕೊಡಲೊಪ್ಪದೆ ನಿಲ್ಲಿಸಿದನೆಂದೂ, ಆ ಮೇಲೆ ಅವು ತೌಡು ಹೋಗದ ಅಕ್ಕಿಯನ್ನು ತಿಂದು ಎದ್ದು ನಿಂತವೆಂದೂ ತಿಳಿಯಿತು. ಅಕ್ಕಿಯ ತೌಡಿನಲ್ಲಿ ಜೀವಕ್ಕೆ ಬೇಕಾದ ಸೂಕ್ಷ್ಮಪದಾರ್ಥವೊಂದಿದೆಯೆಂಬ, ಮುಂದೆ ಜೀವಸತ್ತ್ವಗಳ ಶಾಸ್ತ್ರವಾಗಿ ಬೆಳೆದ ವಿಚಾರಕ್ಕೆ ಇದು ಬೀಜವಾಯಿತು. ಐಕ್‌ಮನ್ನನಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿಯ ಅರ್ಧ ಪಾಲು ಬಂತು. ಕಾಲು ಸೋತ ಕೋಳಿಗೆ ತೌಡನ್ನು ಕಲಸಿ ಹಾಕುವ ನಮ್ಮ ಹಳ್ಳಿಗಿತ್ತಿಯು ಈ ಹೆಸರನ್ನು ಕೇಳಿದವಳಲ್ಲ.

ವಿದ್ಯೆಯು ಹೀಗೆ ಕೋಳಿಯಿಂದ ಹೊರಟು ಮನುಷ್ಯನಿಗೂ ಕುರಿಗೂ ಮುಟ್ಟಿತು. ಅದು ತಿರುಗಿ ಹಿತ್ತಲಿನ ಕೋಳಿಗೆ ಮುಟ್ಟಿದ್ದು ಎಲ್ಲಕ್ಕಿಂತ ಕೊನೆಗೆ.

ಮನೆವೈದ್ಯದ ಮಂಕರಿಯು ಸೋತು ನಿಲ್ಲುತ್ತಿದ್ದ ವ್ಯಾಧಿಯೊಂದುಂಟು. ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗವೆಂದು ಕರೆಯುವ ಅದು ಗೂಡಿಗೆ ಹೊಕ್ಕಿತೆಂದರೆ ಮೊದಲ ದಿನ ಒಂದು ಕೋಳಿ ತೂಕಡಿಸುವುದು, ಮರುದಿನ ನಾಲ್ಕಾರು ಬಾಯಿ ತೆರೆದು ಏದುಸಿರು ಬಿಡುವುವು, ಹಸುರು ನೀರಿನಂತಹ ಹಿಕ್ಕೆ ಹೋಗುವುದು, ಬದುಕಿ ಉಳಿದವುಗಳ ಕುತ್ತಿಗೆ ತಿರುಚಿಕೊಂಡು ತಲೆ ಬೆನ್ನ ಮೇಲೆ ಬೀಳುವುದು. ವಾರದೊಳಗೆ ಗೂಡು ಬರಿದು, ಪಕ್ಷದೊಳಗೆ ಕೇರಿಯೇ ಬರಿದು. ಹೆಂಗಸರು ಮಾರಮ್ಮನಿಗೆ ಹರಸಿಕೊಳ್ಳುವರು. ಬೆಳ್ಳುಳ್ಳಿ ಮೆಣಸುಗಳನ್ನು ಅರೆದು ಕುಡಿಸುವರು. ಸಾಯುವ ಮೊದಲು ನಾಲ್ಕು ಕಾಸಾದರೂ ಆಗಲೆಂದು ಇನ್ನೂ ನಿಂತಿರುವ ಕೋಳಿಗಳನ್ನು ಸಂತೆಗೆ ಒಯ್ಯುವರು. ಸಂತೆಯಿಂದ ರೋಗವು ಇನ್ನೊಂದು ಊರಿಗೆ ನಡೆಯುವುದು. ದಾರಿದ್ರ್ಯವು ಮಾಡಿಸಿದ ಈ ಕೆಲಸಕ್ಕೆ ಅವರನ್ನು ದೂಷಿಸುವ ಅಧಿಕಾರ, ನಷ್ಟವನ್ನು ತುಂಬಿಕೊಡದ ಯಾರಿಗೂ ಇಲ್ಲ.

ಈ ರೋಗವು ಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದು 1926ರಲ್ಲಿ, ಒಂದೇ ವರ್ಷದಲ್ಲಿ ಎರಡು ಕಡೆ: ಜಾವಾದಲ್ಲಿ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್ ಬಂದರಿನ ಸಮೀಪದಲ್ಲಿ. ಪೂರ್ವದ್ವೀಪಗಳಿಂದ ಬಂದ ಹಡಗಿನ ಕೋಳಿಗಳೋ ಮಾಂಸವೋ ಅದನ್ನು ಹೊತ್ತು ತಂದಿರಬೇಕೆಂದು ಊಹಿಸಿದವರುಂಟು. ಸುಮಾರು ಅದೇ ಕಾಲಕ್ಕೆ ನಮ್ಮ ದೇಶದ ಕುಮಾವೂಂ ಬೆಟ್ಟಗಳ ರಾಣಿಖೇತ್ ದಂಡಿನೂರಿನಲ್ಲಿಯೂ ಅದು ಕಾಣಿಸಿಕೊಂಡು, ಅಲ್ಲಿಗೆ ಹೆಚ್ಚು ದೂರವಲ್ಲದ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾಲಯದ ನಿರ್ದೇಶಕ ಎಡ್ವರ್ಡ್ಸ್ ಅದನ್ನು ವರ್ಣಿಸಿದನು. ಇಂಗ್ಲೆಂಡಿನವರು ನ್ಯೂಕ್ಯಾಸಲ್ ರೋಗವೆಂದದ್ದು ಭಾರತದಲ್ಲಿ ಇಂದಿಗೂ ರಾಣಿಖೇತ್ ರೋಗ. ಮುಕ್ತೇಶ್ವರದ ಆ ಸಂಸ್ಥೆ 1889ರಲ್ಲಿ ಪುಣೆಯಲ್ಲಿ ಹುಟ್ಟಿ 1893ರಲ್ಲಿ ಬೆಟ್ಟವೇರಿದ್ದು. ಅದನ್ನು ಕಟ್ಟಿದ್ದು ದನಗಳ ದೊಡ್ಡರೋಗದ ಭಯಕ್ಕೆ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಏರ್ಪಟ್ಟ ಮೈಸೂರು ಸೀರಂ ಸಂಸ್ಥೆಯೂ ಅದೇ ದೊಡ್ಡರೋಗಕ್ಕಾಗಿಯೇ ಆದದ್ದು. ಇವೆರಡೂ ಎತ್ತಿನ ಸಲುವಾಗಿ ಎದ್ದ ಮನೆಗಳು. ಕೋಳಿಯು ಅವುಗಳ ಬಾಗಿಲಿಗೆ ಬಂದದ್ದು ತಡವಾಗಿ.

1940ರಲ್ಲಿ ಇಂಗ್ಲೆಂಡಿನಲ್ಲಿ ಅಯ್ಯರ್ ಎಂಬ ಭಾರತೀಯ ವಿಜ್ಞಾನಿಯೂ ಡಾಬ್ಸನ್ನನೂ ಕೂಡಿ, ರೋಗದ ವೈರಸ್ಸನ್ನು ಮರಿಗಟ್ಟುತ್ತಿರುವ ಮೊಟ್ಟೆಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಅದರ ಉಗ್ರತೆಯನ್ನು ತಗ್ಗಿಸಬಹುದೆಂದು ತೋರಿಸಿದರು. ಅದೇ ದಶಕದಲ್ಲಿ ಮುಕ್ತೇಶ್ವರದಲ್ಲಿ ಹ್ಯಾಡೊ ಮತ್ತು ಇದ್ನಾನಿ ಎಂಬವರು ಇದೇ ಹಾದಿಯಲ್ಲಿ ನಡೆದು, ಇಂದಿಗೂ ಆ ಊರಿನ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಲಸಿಕೆಯನ್ನು ಸಿದ್ಧಪಡಿಸಿದರು. ಕೋಳಿಯನ್ನು ಕಾಯುವ ಮದ್ದು ಕೋಳಿಯ ಮೊಟ್ಟೆಯಲ್ಲಿಯೇ ಬೆಳೆಯಿತು. ಈ ಲಸಿಕೆಯು ಬಲವಾದದ್ದು. ಎಂಟು ವಾರ ತುಂಬದ ಎಳೆಯ ಮರಿಗೆ ಅದನ್ನು ಚುಚ್ಚುವಂತಿಲ್ಲ. ಮರಿಗಳಿಗೆ ಮೊದಲ ವಾರದಲ್ಲಿಯೇ ಕಣ್ಣಿಗೋ ಮೂಗಿಗೋ ತೊಟ್ಟು ಬಿಡುವ, ಎಫ್ ತಳಿ, ಲಸೋಟಾ ತಳಿ ಎಂಬ ಸೌಮ್ಯ ಲಸಿಕೆಗಳು ಆಮೇಲೆ ಬಂದವು. ಹೆಬ್ಬಾಳದ ಸಂಸ್ಥೆಯು ಮುಂದೆ ತನ್ನ ಕಾರ್ಯವನ್ನು ವಿಸ್ತರಿಸಿಕೊಂಡು ಕೋಳಿಯ ಲಸಿಕೆಗಳನ್ನೂ ತಯಾರಿಸತೊಡಗಿತು.

ರೋಗ ಹಿಡಿದ ಮೇಲೆ ಈ ವ್ಯಾಧಿಗೆ ಔಷಧವಿಲ್ಲ. ಅಂದೂ ಇರಲಿಲ್ಲ, ಇಂದೂ ಇಲ್ಲ. ಬೆಳ್ಳುಳ್ಳಿಯಿಂದಲೂ ಇಲ್ಲ, ಚುಚ್ಚುಮದ್ದಿನಿಂದಲೂ ಇಲ್ಲ. ಮೊದಲೇ ಲಸಿಕೆ ಹಾಕಿಸುವುದೊಂದೇ ದಾರಿ. ಆದರೆ ಆ ದಾರಿಯು ಸಾವಿರ ಕೋಳಿಗಳ ಫಾರಮ್ಮಿಗೆ ಸುಗಮವಾದಂತೆ ಆರು ಕೋಳಿಗಳ ಹಿತ್ತಲಿಗೆ ಸುಗಮವಾಗಲಿಲ್ಲ. ಲಸಿಕೆಯ ಒಂದು ಸೀಸೆಯಲ್ಲಿ ನೂರು, ಇನ್ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಮದ್ದಿರುತ್ತದೆ. ತಯಾರಾದ ಕಡೆಯಿಂದ ಗೂಡಿನ ಬಾಗಿಲಿನ ತನಕ ಅದನ್ನು ಮಂಜುಗಡ್ಡೆಯ ತಂಪಿನಲ್ಲಿಯೇ ಒಯ್ಯಬೇಕು. ದ್ರವದಲ್ಲಿ ಕದಡಿದ ಮೇಲೆ ಒಂದೆರಡು ಗಂಟೆಗಳಲ್ಲಿ ಮುಗಿಸದಿದ್ದರೆ ಅದು ಕೆಲಸಕ್ಕೆ ಬಾರದು. ವಿದ್ಯುತ್ತೇ ಬಾರದಿದ್ದ ಹಳ್ಳಿಯಲ್ಲಿ ಮಂಜುಗಡ್ಡೆಯೆಲ್ಲಿ? ಸೀಸೆ ಒಡೆದು ಆರು ಕೋಳಿಗೆ ಹಾಕಿ ಉಳಿದದ್ದನ್ನು ಚೆಲ್ಲುವ ಮನಸ್ಸು ಯಾರಿಗೆ ಬಂದೀತು? ಹಗಲೆಲ್ಲ ಬೇಲಿಬೇಲಿ ಅಲೆಯುವ ನಾಟಿಕೋಳಿಯನ್ನು ಹಿಡಿಯುವುದೇ ಪಾಡು. ದನದ ಆಸ್ಪತ್ರೆಗೆ ಎತ್ತನ್ನು ಹೊಡೆದುಕೊಂಡು ಹೋಗುವವರುಂಟು. ಕಂಕುಳಲ್ಲಿ ಕೋಳಿಯನ್ನು ಇರುಕಿಕೊಂಡು ಹೋಗುವವಳಿಗೆ ಅಲ್ಲಿ ದೊರೆಯುವ ಆದರ ಎಷ್ಟೆಂಬುದನ್ನು ಹೋದವರೇ ಬಲ್ಲರು. ಹೀಗಾಗಿ ಲಸಿಕೆ ಹುಟ್ಟಿ ದಶಕಗಳು ಕಳೆದರೂ ಕೇರಿಗಳು ಬರಿದಾಗುತ್ತಲೇ ಇದ್ದವು. 1989ರಲ್ಲಿ ಹೆಬ್ಬಾಳದ ಕೃಷಿ ವಿಶ್ವವಿದ್ಯಾನಿಲಯವು ಹಿತ್ತಲ ಸಾಕಣೆಗೆಂದೇ ‘ಗಿರಿರಾಜ’ ತಳಿಯನ್ನು ಬಿಡುಗಡೆ ಮಾಡಿದಾಗ, ಆ ದಷ್ಟಪುಷ್ಟ ಬಣ್ಣದ ಮರಿಗಳನ್ನು ಆಸೆಯಿಂದ ಕೊಂಡೊಯ್ದವರಿಗೂ ಇದೇ ರೋಗದ ಅಂಜಿಕೆ ತಪ್ಪಲಿಲ್ಲ.

ಹಿತ್ತಲಿಗೆ ಹೊಂದುವ ಲಸಿಕೆಯನ್ನು ಕುರಿತು ಚಿಂತಿಸಿದವರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಪೀಟರ್ ಸ್ಪ್ರಾಡ್‌ಬ್ರೋನ ಹೆಸರನ್ನು ಗೌರವದಿಂದ ನೆನೆಯಬೇಕು. 1966ರಲ್ಲಿ ಆ ದೇಶದಲ್ಲಿ ದೊರೆತ, ರೋಗವನ್ನುಂಟುಮಾಡದ ‘ವಿ4’ ಎಂಬ ವೈರಸ್ಸಿನಿಂದ ಹೊರಟು, ಶಾಖವನ್ನು ತಾಳಿಕೊಳ್ಳಬಲ್ಲ ಲಸಿಕೆಗಳನ್ನು ಸಿದ್ಧಪಡಿಸಿ, ಹಳ್ಳಿಯ ಕೋಳಿಗಳಿಗೆ ಕಾಳಿನೊಡನೆ ಬೆರೆಸಿಕೊಡುವ ಪ್ರಯೋಗಗಳನ್ನು ಅವನೂ ಅವನ ಸಹೋದ್ಯೋಗಿಗಳೂ ಮಲೇಷ್ಯಾದಲ್ಲಿ ನಡೆಸಿದರು. ನಮ್ಮ ನೆರೆಯ ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾನಿಲಯವೂ ಇದೇ ಉದ್ದೇಶದಿಂದ, ಕೋಳಿಯು ತಾನಾಗಿಯೇ ಕುಕ್ಕಿ ತಿನ್ನುವ ಗುಳಿಗೆಯ ರೂಪದ ಲಸಿಕೆಯನ್ನು ರೂಪಿಸಿತು.

ಕರ್ನಾಟಕದಲ್ಲಿ ಈಗ ಸ್ವಸಹಾಯ ಸಂಘಗಳಿಂದ ಆರಿಸಿ ತರಬೇತಿ ಕೊಟ್ಟ ‘ಪಶುಸಖಿ’ಯರೆಂಬ ಹೆಂಗಸರಿದ್ದಾರೆ. ಹಾಕುವವರು ಅವರಾಗಲಿ ಬೇರೆಯವರಾಗಲಿ, ಹಿತ್ತಲ ಕೋಳಿಗೆ ಲಸಿಕೆ ಹಾಕಲು ಸರಿಯಾದ ಸಮಯ ಕೋಳಿಗಳು ಗೂಡು ಬಿಡುವ ಮೊದಲಿನ ನಸುಕು, ಇಲ್ಲವೆ ಗೂಡು ಸೇರಿದ ಮೇಲಿನ ಮುಸ್ಸಂಜೆ. ಮರಿಯ ತಲೆಯನ್ನು ಒಂದು ಮಗ್ಗುಲಿಗೆ ವಾಲಿಸಿ, ಕಣ್ಣಿಗೆ ಒಂದು ತೊಟ್ಟು ಬಿಟ್ಟು, ಅದು ರೆಪ್ಪೆ ಬಡಿದು ತೊಟ್ಟು ಒಳಗಿಳಿಯುವವರೆಗೆ ಹಿಡಿದುಕೊಂಡಿದ್ದು ಬಿಡಬೇಕು. ಆಗಲೇ ತೂಕಡಿಸುತ್ತಿರುವುದನ್ನು ಬೇರೆ ಮಾಡಿ ಮಂಕರಿ ಮುಚ್ಚಬೇಕು, ಅದಕ್ಕೆ ಲಸಿಕೆ ಹಾಕಬಾರದು. ಸತ್ತದ್ದನ್ನು ಹಳ್ಳಕ್ಕೆಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಸೀಸೆಯು ಇನ್ನೂ ನೂರು ಕೋಳಿಗಳ ಅಳತೆಯದೇ ಆಗಿರುವುದರಿಂದ ಒಂದು ಮನೆಯವಳು ಒಬ್ಬಳೇ ಇದನ್ನು ಮಾಡಿಸಲಾರಳು. ಕೇರಿಯ ಹದಿನೈದು ಇಪ್ಪತ್ತು ಮನೆಗಳವರು ಹಿಂದಿನ ಸಂಜೆಯೇ ಮಾತಾಡಿಕೊಂಡು, ಒಂದೇ ನಸುಕಿನಲ್ಲಿ ಗೂಡುಗಳ ಬಾಗಿಲನ್ನು ತೆಗೆಯದೆ ಕಾದಿದ್ದರೆ, ಮಂಜುಗಡ್ಡೆ ಕರಗುವ ಮೊದಲು ಸೀಸೆಯೂ ಮುಗಿಯುತ್ತದೆ, ಕೇರಿಯ ಕೋಳಿಗಳಿಗೆಲ್ಲ ಲಸಿಕೆಯೂ ಆಗುತ್ತದೆ.